ಕ್ಯಾಮೆರಾ ಚೀಲಕ್ಕೂ ಒಂದು ಮಿತಿ: ಹೊಸ ಲೆನ್ಸ್ ಕೊಳ್ಳುವ ಮುನ್ನ



ಕೆಲವು ವರ್ಷಗಳ ಹಿಂದೆ ನಮ್ಮ ಅಜ್ಜ ತೀರಿಕೊಂಡಾಗ ಚಾವಡಿಯ ಗೋಡೆಗೆ ಹಾಕಲು ಅವರದೊಂದು ಫೋಟೋ ಬೇಕಾಯಿತು. ಆಗ ನನ್ನ ಬಳಿ ಎರಡು ಕ್ಯಾಮೆರಾ, ನಾಲ್ಕು ಲೆನ್ಸ್, ಒಂದು ಫ್ಲ್ಯಾಶ್ ಇದ್ದವು. ರಾತ್ರಿಯಿಡೀ ಹಾರ್ಡ್ ಡಿಸ್ಕ್ ಹುಡುಕಿದೆ. ಹೂವು, ಹಕ್ಕಿ, ಮಳೆಹನಿ, ಹೊಸ ಲೆನ್ಸ್ ಪರೀಕ್ಷಿಸಲು ತೆಗೆದ ಗೋಡೆಯ ಚಿತ್ರಗಳು ನೂರಾರು ಸಿಕ್ಕವು. ಅಜ್ಜ ಇದ್ದದ್ದು ಮೂರೋ ನಾಲ್ಕೋ ಚಿತ್ರಗಳಲ್ಲಿ. ಅದೂ ಮದುವೆಯ ಗುಂಪಿನಲ್ಲಿ, ಯಾರದೋ ಹೆಗಲ ಹಿಂದೆ. "ಅಷ್ಟು ಲೆನ್ಸ್ ಉಂಟಲ್ಲ ಮಾರಾಯ, ಅಜ್ಜನದ್ದು ಒಂದು ಫೋಟೋ ಇಲ್ಲವಾ?" ಎಂದು ಅಮ್ಮ ಕೇಳಿದರು. ಕೊನೆಗೆ ಮತದಾರರ ಗುರುತಿನ ಚೀಟಿಯಲ್ಲಿದ್ದ ಚಿತ್ರವನ್ನೇ ದೊಡ್ಡದು ಮಾಡಿಸಿ ಕಟ್ಟು ಹಾಕಿಸಿದೆವು. ಇಂದಿಗೂ ಗೋಡೆಯ ಮೇಲಿರುವುದು ಅದೇ.

ಅಜ್ಜನ ಚಿತ್ರ ತೆಗೆಯಬೇಕೆಂದು ನನಗೆ ಅನಿಸಿರಲಿಲ್ಲ ಎಂದಲ್ಲ. ಮುಖಚಿತ್ರಕ್ಕೆ ಹೇಳಿ ಮಾಡಿಸಿದ 85 ಮಿ.ಮೀ. ಲೆನ್ಸ್ ಬರಲಿ, ಆಮೇಲೆ ತೆಗೆಯೋಣ ಎಂದು ಎರಡು ವರ್ಷ ಮುಂದೂಡಿದ್ದೆ. ಲೆನ್ಸ್ ಬಂತು. ಅಜ್ಜ ಇರಲಿಲ್ಲ.

ಇಂದು ನಮ್ಮ ಸಮಾಜದ ಅನೇಕ ಮನೆಗಳಲ್ಲಿ ಫೋಟೋ ತೆಗೆಯುವ ಹವ್ಯಾಸವಿರುವ ಯುವಕ ಯುವತಿಯರಿದ್ದಾರೆ. ಪಂಚಕಲ್ಯಾಣ, ಮಸ್ತಕಾಭಿಷೇಕ, ತೀರ್ಥಯಾತ್ರೆ, ಮನೆಯ ಶುಭಕಾರ್ಯ ಎಲ್ಲೆಡೆ ಕ್ಯಾಮೆರಾ ಕಾಣುತ್ತದೆ. ಹವ್ಯಾಸ ಒಳ್ಳೆಯದೇ. ಆದರೆ ಅದರ ಬೆನ್ನಿಗೇ ಬರುವ, ಸದಾ ಹೊಸ ಸಲಕರಣೆ ಬೇಕೆನಿಸುವ ಹಂಬಲ ಹೇಗೆ ಹುಟ್ಟುತ್ತದೆ, ಅದನ್ನು ಹೇಗೆ ಹಿಡಿತದಲ್ಲಿಡಬಹುದು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಒಂದು ಕೊಂಡರೆ ಮತ್ತೊಂದು

ಗಿಟಾರ್ ನುಡಿಸುವವರು ಈ ಹಂಬಲಕ್ಕೆ ತಮಾಷೆಗಾಗಿ ಕಾಯಿಲೆಯ ಹೆಸರನ್ನೇ ಇಟ್ಟಿದ್ದರು. ಆ ಹೆಸರು ಮುಂದೆ ಕ್ಯಾಮೆರಾ ಪ್ರಿಯರಿಗೂ ಅಂಟಿಕೊಂಡಿತು. ಇದರ ಮೂಲ ಇನ್ನೂ ಹಳೆಯದು. 18ನೇ ಶತಮಾನದ ಫ್ರೆಂಚ್ ಲೇಖಕ ಡೆನಿಸ್ ಡಿಡೆರೊ, ತನಗೆ ಹೊಸ ನಿಲುವಂಗಿಯೊಂದು ಬಂದ ಮೇಲೆ ಮನೆಯ ಹಳೆಯ ಸಾಮಾನುಗಳೆಲ್ಲ ಅದಕ್ಕೆ ಒಪ್ಪದಂತೆ ಕಂಡು, ಒಂದೊಂದಾಗಿ ಎಲ್ಲವನ್ನೂ ಬದಲಿಸಿದ ಕಥೆಯನ್ನು ಬರೆದಿದ್ದಾನೆ. 1988ರಲ್ಲಿ ಗ್ರಾಂಟ್ ಮೆಕ್‌ಕ್ರ್ಯಾಕೆನ್ ಎಂಬ ಮಾನವಶಾಸ್ತ್ರಜ್ಞರು ಇಂತಹ ಸರಣಿ ಖರೀದಿಗೆ 'ಡಿಡೆರೊ ಪರಿಣಾಮ' ಎಂದು ಹೆಸರಿಟ್ಟರು.

ಕ್ಯಾಮೆರಾದಲ್ಲಿ ಈ ಸರಣಿ ಸ್ಪಷ್ಟವಾಗಿ ಕಾಣುತ್ತದೆ. 24 ಮೆಗಾಪಿಕ್ಸೆಲ್ ಬಿಟ್ಟು 45 ಮೆಗಾಪಿಕ್ಸೆಲ್ ಕ್ಯಾಮೆರಾ ತಂದರೆ ಫೈಲುಗಳು ಹೆಚ್ಚುಕಡಿಮೆ ಎರಡು ಪಟ್ಟು ದೊಡ್ಡದಾಗುತ್ತವೆ. ಅದಕ್ಕೆ ವೇಗದ ಮೆಮೊರಿ ಕಾರ್ಡ್, ದೊಡ್ಡ ಹಾರ್ಡ್ ಡಿಸ್ಕ್, ಕೊನೆಗೆ ಹೊಸ ಕಂಪ್ಯೂಟರ್. ಕಂಪನಿಗಳು ಲೆನ್ಸ್ ಕೂರುವ ಮೌಂಟನ್ನೇ ಬದಲಿಸಿದಾಗಲಂತೂ ಹಳೆಯದೆಲ್ಲ ಕೆಲಸಕ್ಕೆ ಬಾರದು ಎಂಬ ಭಾವನೆ ಹುಟ್ಟುತ್ತದೆ. ನಿಕಾನ್ 1959ರಿಂದ ಎಫ್ ಮೌಂಟನ್ನೂ ಕ್ಯಾನನ್ 1987ರಿಂದ ಇಎಫ್ ಮೌಂಟನ್ನೂ ಬಳಸುತ್ತಿದ್ದವು. 2018ರಲ್ಲಿ ಎರಡೂ ಕಂಪನಿಗಳು ಹೊಸ ಮೌಂಟಿನ ಮಿರರ್‌ಲೆಸ್ ಕ್ಯಾಮೆರಾಗಳನ್ನು ತಂದವು. ಆದರೆ ಆ ದಿನ ಯಾರ ಹಳೆಯ ಕ್ಯಾಮೆರಾವೂ ಕೆಟ್ಟು ನಿಲ್ಲಲಿಲ್ಲ. ಹಿಂದಿನ ದಿನ ಎಂತಹ ಚಿತ್ರ ತೆಗೆಯುತ್ತಿತ್ತೋ ಮರುದಿನವೂ ಅಂತಹದೇ ಚಿತ್ರ ತೆಗೆಯುತ್ತಿತ್ತು. ಬದಲಾದದ್ದು ನಮ್ಮ ಮನಸ್ಸು ಮಾತ್ರ.

ಶಾಸ್ತ್ರದಲ್ಲಿ ಇದಕ್ಕಿರುವ ಹೆಸರು

ಶ್ರಾವಕರ ಐದು ಅಣುವ್ರತಗಳಲ್ಲಿ ಕೊನೆಯದು ಪರಿಗ್ರಹ ಪರಿಮಾಣ. ಗೃಹಸ್ಥನು ಎಲ್ಲವನ್ನೂ ತೊರೆಯಬೇಕೆಂದು ಇದು ಹೇಳುವುದಿಲ್ಲ. ಇಂತಿಷ್ಟು ಸಾಕು ಎಂದು ತಾನೇ ಅಳತೆ ಹಾಕಿಕೊಳ್ಳಬೇಕು ಎನ್ನುತ್ತದೆ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿ ಈ ವ್ರತಕ್ಕೆ 'ಇಚ್ಛಾಪರಿಮಾಣ' ಎಂಬ ಇನ್ನೊಂದು ಹೆಸರೂ ಇದೆ. ಅಳೆಯಬೇಕಾದದ್ದು ಕಪಾಟಿನ ವಸ್ತುವನ್ನಷ್ಟೇ ಅಲ್ಲ, ಮನಸ್ಸಿನ ಇಚ್ಛೆಯನ್ನೂ ಎಂಬುದನ್ನು ಆ ಹೆಸರೇ ತಿಳಿಸುತ್ತದೆ. ತತ್ತ್ವಾರ್ಥಸೂತ್ರದ ಏಳನೇ ಅಧ್ಯಾಯವೂ ಪರಿಗ್ರಹವನ್ನು ಗುರುತಿಸುವುದು ಮೂರ್ಛೆಯಿಂದ, ಅಂದರೆ ವಸ್ತುವಿನ ಮೇಲಿನ ಮಮಕಾರದಿಂದ.

ರತ್ನಕರಂಡಕವು ಈ ವ್ರತಕ್ಕೆ ಹೇಳುವ ಅತಿಚಾರಗಳಲ್ಲಿ ಅತಿಸಂಗ್ರಹ, ಅತಿವಿಸ್ಮಯ, ಲೋಭ ಎಂಬ ಮೂರು ಇಲ್ಲಿ ನೆನೆಯತಕ್ಕವು. ಅತಿಸಂಗ್ರಹ, ಲೋಭಗಳ ಅರ್ಥ ಎಲ್ಲರಿಗೂ ಗೊತ್ತು. ಅತಿವಿಸ್ಮಯವೆಂದರೆ ಇತರರ ಸಂಪತ್ತನ್ನು ಕಂಡು ಮಿತಿಮೀರಿ ಬೆರಗಾಗುವುದು ಎಂದು ಅರ್ಥ ಹೇಳುವುದುಂಟು. ರಾತ್ರಿ ಹನ್ನೊಂದು ಗಂಟೆಗೆ ಮೊಬೈಲಿನಲ್ಲಿ ಯಾರೋ ಹೊಸ ಲೆನ್ಸಿನ ಪೆಟ್ಟಿಗೆ ಬಿಚ್ಚುವ ವಿಡಿಯೋ ನೋಡುತ್ತ ಕುಳಿತಾಗ ನಮಗಾಗುವುದು ಇದೇ ಅಲ್ಲವೇ? ಹೀಗಾಗಿ ಎರಡು ಕ್ಯಾಮೆರಾ ಇದ್ದೂ ಹಂಬಲವಿಲ್ಲದವನು ಇರಬಹುದು, ಒಂದೂ ಇಲ್ಲದೆ ಹಗಲಿರುಳು ಅದನ್ನೇ ಧ್ಯಾನಿಸುವವನೂ ಇರಬಹುದು.

ಎಷ್ಟಿದ್ದರೆ ಸಾಕು? ಒಂದು ಲೆಕ್ಕ

ಹಂಬಲಕ್ಕೆ ಉಪದೇಶಕ್ಕಿಂತ ಲೆಕ್ಕವೇ ಒಳ್ಳೆಯ ಮದ್ದು. ನಾವು ತೆಗೆದ ಚಿತ್ರ ಕೊನೆಗೆ ಎಲ್ಲಿ ಕಾಣಿಸಿಕೊಳ್ಳುತ್ತದೆ ಎಂದು ನೋಡೋಣ.

ಮನೆಯ ಫುಲ್ ಎಚ್‌ಡಿ ಟಿವಿಯ ಪರದೆಯಲ್ಲಿರುವುದು ಸುಮಾರು 2 ಮೆಗಾಪಿಕ್ಸೆಲ್. 4ಕೆ ಟಿವಿಯಲ್ಲಿ ಸುಮಾರು 8. ಎ4 ಅಳತೆಯ ಚಿತ್ರವನ್ನು ಇಂಚಿಗೆ 300 ಚುಕ್ಕಿಯ ಉತ್ತಮ ಗುಣಮಟ್ಟದಲ್ಲಿ ಮುದ್ರಿಸಲು ಬೇಕಾದದ್ದು 9ಕ್ಕಿಂತ ಕಡಿಮೆ. ಗೋಡೆಗೆ ಹಾಕುವ 12×18 ಇಂಚಿನ ಚಿತ್ರಕ್ಕೆ ಸುಮಾರು 19. ಅಂದರೆ 24 ಮೆಗಾಪಿಕ್ಸೆಲ್ ಇರುವ ಹತ್ತು ವರ್ಷ ಹಳೆಯ ಕ್ಯಾಮೆರಾ ಒಂದು ಮನೆಯ ಎಲ್ಲ ಅಗತ್ಯಗಳನ್ನೂ ಪೂರೈಸಿ ಇನ್ನೂ ಉಳಿಸುತ್ತದೆ.

ಇನ್ನು ಲೆನ್ಸ್. ಕ್ಯಾಮೆರಾದ ಜೊತೆಗೇ ಬರುವ ಜೂಮ್ ಲೆನ್ಸನ್ನು ಪೂರ್ತಿ ಜೂಮ್ ಮಾಡಿದಾಗ ಅದರ ದ್ಯುತಿರಂಧ್ರ ಸಾಮಾನ್ಯವಾಗಿ ಎಫ್ 5.6. ಎಫ್ 1.8 ಇರುವ 50 ಮಿ.ಮೀ. ಲೆನ್ಸ್ ಅದಕ್ಕಿಂತ ಹತ್ತಿರ ಹತ್ತು ಪಟ್ಟು ಬೆಳಕನ್ನು ಒಳಗೆ ಬಿಡುತ್ತದೆ. ಮಂದ ಬೆಳಕಿನಲ್ಲಿ ಇದು ನಿಜವಾದ ವ್ಯತ್ಯಾಸ. ಈ ಲೆನ್ಸ್ ಹಲವು ಕಂಪನಿಗಳಲ್ಲಿ ಅಗ್ಗದ ಲೆನ್ಸುಗಳ ಸಾಲಿಗೆ ಸೇರಿದ್ದು. ಆದರೆ ಅಲ್ಲಿಂದ ಎಫ್ 1.4ಕ್ಕೆ ಹೋದರೆ ಸಿಗುವ ಬೆಳಕು ಒಂದೂವರೆ ಪಟ್ಟಿಗಿಂತ ಸ್ವಲ್ಪ ಹೆಚ್ಚು ಮಾತ್ರ, ಬೆಲೆಯಾದರೋ ಹಲವು ಪಟ್ಟು. ಮೊದಲ ಮೆಟ್ಟಿಲಿನಲ್ಲಿ ಹಣಕ್ಕೆ ತಕ್ಕ ಫಲವಿದೆ. ಮೇಲೇರಿದಂತೆ ಬೆಲೆ ದೊಡ್ಡದಾಗುತ್ತದೆ, ಫಲ ಸಣ್ಣದಾಗುತ್ತದೆ.

ಹೆಸರಾಂತ ಛಾಯಾಗ್ರಾಹಕರ ಚೀಲವೂ ದೊಡ್ಡದಿರಲಿಲ್ಲ. ಫ್ರಾನ್ಸಿನ ಹೆನ್ರಿ ಕಾರ್ಟಿಯೆ ಬ್ರೆಸಾನ್ ತಮ್ಮ ಬಹುಪಾಲು ಚಿತ್ರಗಳನ್ನು ಸಣ್ಣ ಲೈಕಾ ಕ್ಯಾಮೆರಾ ಮತ್ತು 50 ಮಿ.ಮೀ. ಲೆನ್ಸಿನಲ್ಲೇ ತೆಗೆದರು. ಭಾರತದ ಮೊದಲ ಮಹಿಳಾ ಪತ್ರಿಕಾ ಛಾಯಾಗ್ರಾಹಕಿ ಹೋಮೈ ವ್ಯಾರಾವಾಲಾ ಸ್ಪೀಡ್ ಗ್ರಾಫಿಕ್, ರೋಲಿಫ್ಲೆಕ್ಸ್‌ನಂತಹ ಕ್ಯಾಮೆರಾಗಳಲ್ಲಿ ಸ್ವಾತಂತ್ರ್ಯದ ದಿನಗಳನ್ನು ದಾಖಲಿಸಿದರು. ಇಂದಿನ ಸಾಮಾನ್ಯ ಮೊಬೈಲಿನಲ್ಲಿರುವ ಅನುಕೂಲಗಳಾವುವೂ ಅವುಗಳಲ್ಲಿರಲಿಲ್ಲ.

ಕೊಳ್ಳದೆಯೇ ಸಿಗುವ ಚಿತ್ರಗಳು

ಹಲವು ಸಲ ಲೆನ್ಸಿನಿಂದ ಬಯಸುವ ಫಲ ಕಾಲಿನಿಂದ, ಕಾಯುವುದರಿಂದ ಸಿಗುತ್ತದೆ.

ಶ್ರವಣಬೆಳಗೊಳದಲ್ಲಿ ವಿಂಧ್ಯಗಿರಿಯ ಅಂಗಳದಲ್ಲಿ ನಿಂತು ಬಾಹುಬಲಿ ಸ್ವಾಮಿಯ ಪೂರ್ಣ ಮೂರ್ತಿಯನ್ನು ಚೌಕಟ್ಟಿನೊಳಗೆ ತರಲಾಗದೆ ವೈಡ್ ಲೆನ್ಸ್ ಬೇಕೆನಿಸುವುದು ಸಹಜ. ಆದರೆ ಎದುರಿನ ಚಂದ್ರಗಿರಿಯನ್ನೂ ಹತ್ತಿ ನೋಡಿ. ಪ್ರಾಕಾರದ ಮೇಲೆ ಸ್ವಾಮಿಯ ಮೂರ್ತಿ ಎದ್ದು ಕಾಣುವ, ಕೆಳಗೆ ಕಲ್ಯಾಣಿ ಮತ್ತು ಊರು ಹರಡಿರುವ ನೋಟ ಸಾಧಾರಣ ಲೆನ್ಸಿಗೂ ದಕ್ಕುತ್ತದೆ. ವಿಂಧ್ಯಗಿರಿಯ ಆರುನೂರಕ್ಕೂ ಹೆಚ್ಚು ಮೆಟ್ಟಿಲುಗಳನ್ನು ಬರಿಗಾಲಿನಲ್ಲಿ ಹತ್ತುವಾಗ ಚೀಲ ಹಗುರವಾಗಿದ್ದಷ್ಟೂ ದರ್ಶನ ಸುಖಕರ ಎಂಬುದನ್ನೂ ಮರೆಯಬಾರದು.

ಶಾಸನದ ಅಕ್ಷರಗಳು ಚಿತ್ರದಲ್ಲಿ ಮೂಡದಿದ್ದರೆ ದೋಷ ಕ್ಯಾಮೆರಾದ್ದಲ್ಲ, ಬೆಳಕಿನದು. ನಡುಹಗಲಿನ ನೇರ ಬಿಸಿಲಿನಲ್ಲಿ ಕೊರೆದ ಅಕ್ಷರ ಮರೆಯಾಗುತ್ತದೆ. ಬೆಳಿಗ್ಗೆ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ಅದೇ ಅಕ್ಷರ ನೆರಳು ಪಡೆದು ಎದ್ದು ಕಾಣುತ್ತದೆ. ನೆರಳಿನಲ್ಲಿರುವ ಕಲ್ಲಾದರೆ ಪಕ್ಕದಿಂದ ಒಬ್ಬರು ಟಾರ್ಚ್ ಹಿಡಿದರೆ ಸಾಕು, ಮೊಬೈಲಿನಲ್ಲೇ ಓದಬಲ್ಲ ಚಿತ್ರ ಬರುತ್ತದೆ. ಮೂಡಬಿದಿರೆಯ ಸಾವಿರ ಕಂಬದ ಬಸದಿಯಂತಹ ಕಡೆ ಕಂಬಗಳು ಅಲುಗಾಡುವುದಿಲ್ಲ. ಕ್ಯಾಮೆರಾವನ್ನು ಜಗಲಿಯ ಮೇಲಿಟ್ಟು ಒಂದು ಸೆಕೆಂಡ್ ತೆರೆದಿಟ್ಟರೆ ದುಬಾರಿ ಲೆನ್ಸಿನ ಕೆಲಸ ಮುಗಿಯುತ್ತದೆ. ಆದರೆ ಗರ್ಭಗೃಹದ ಚಿತ್ರ ತೆಗೆಯಲು ಹಲವೆಡೆ ಅವಕಾಶವಿಲ್ಲ. ಬಸದಿಯ ಇಂದ್ರರನ್ನೋ ಪುರೋಹಿತರನ್ನೋ ಮೊದಲು ಕೇಳಿ.

ಮನೆಯಲ್ಲಿ ಪಾಲಿಸಬಹುದಾದ ನಿಯಮಗಳು

1. ತಪ್ಪಿಹೋದ ಚಿತ್ರಗಳ ಪುಸ್ತಕ. ಬೇಕೆಂದ ಚಿತ್ರ ಸಿಗದೇ ಹೋದಾಗಲೆಲ್ಲ ಒಂದು ಸಾಲಿನಲ್ಲಿ ಕಾರಣ ಬರೆದಿಡಿ: ಕತ್ತಲಿತ್ತು, ದೂರವಿತ್ತು, ಕೈ ಅಲುಗಿತು, ತಡವಾಗಿ ಹೋದೆ, ಕ್ಯಾಮೆರಾ ಮನೆಯಲ್ಲೇ ಇತ್ತು. ನನ್ನ ಪುಸ್ತಕದಲ್ಲಿ ಕೊನೆಯ ಎರಡು ಕಾರಣಗಳೇ ಹೆಚ್ಚು. ಅವೆರಡಕ್ಕೂ ಅಂಗಡಿಯಲ್ಲಿ ಪರಿಹಾರವಿಲ್ಲ. ಒಂದೇ ಸಲಕರಣೆಯ ಕೊರತೆ ಐದಾರು ಬಾರಿ ದಾಖಲಾದರೆ ಆಗ ಅದನ್ನು ಅಗತ್ಯವೆಂದು ಪರಿಗಣಿಸಬಹುದು.

2. ಚಾತುರ್ಮಾಸದ ನಿಯಮ. ಆಷಾಢದಿಂದ ಕಾರ್ತಿಕದವರೆಗೆ ನಮ್ಮಲ್ಲಿ ಅನೇಕರು ಒಂದಲ್ಲ ಒಂದು ನಿಯಮ ತೆಗೆದುಕೊಳ್ಳುತ್ತಾರೆ. ಆ ಅವಧಿಯಲ್ಲಿ ಕ್ಯಾಮೆರಾ ಸಾಮಾನು ಕೊಳ್ಳುವುದಿಲ್ಲ, ಒಂದೇ ಲೆನ್ಸ್ ಬಳಸುತ್ತೇನೆ ಎಂಬ ನಿಯಮವನ್ನೂ ಸೇರಿಸಿಕೊಳ್ಳಿ. ಹಬ್ಬದ ರಿಯಾಯಿತಿ ಮಾರಾಟಗಳು ಬಹುತೇಕ ಬರುವುದೂ ಆಗಲೇ. ದಶಲಕ್ಷಣ ಪರ್ವದ ಒಂಬತ್ತನೇ ಧರ್ಮವಾದ ಉತ್ತಮ ಆಕಿಂಚನ್ಯವೂ ಈ ನಡುವೆಯೇ ಬರುತ್ತದೆ. ಆ ದಿನ ಮನೆಯವರೆಲ್ಲ ಕುಳಿತು ಬಳಸದೆ ಉಳಿದ ಸಾಮಾನುಗಳ ಪಟ್ಟಿ ಮಾಡಬಹುದು.

3. ಅಪರೂಪಕ್ಕೆ ಬೇಕಾದದ್ದಕ್ಕೆ ಬಾಡಿಗೆ. ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕ ನಡೆಯುವುದು 12 ವರ್ಷಕ್ಕೊಮ್ಮೆ. ಹಿಂದಿನದು 2018ರಲ್ಲಿ ನಡೆಯಿತು. ಅದಕ್ಕಾಗಿ ದೊಡ್ಡ ಜೂಮ್ ಲೆನ್ಸ್ ಕೊಂಡು ಉಳಿದ ವರ್ಷಗಳಲ್ಲಿ ಕಪಾಟಿನಲ್ಲಿಡುವ ಬದಲು ಕೆಲವು ದಿನಕ್ಕೆ ಬಾಡಿಗೆಗೆ ತನ್ನಿ, ಇಲ್ಲವೇ ನೆಂಟರಲ್ಲಿ ಇದ್ದರೆ ಕೇಳಿ ಪಡೆಯಿರಿ.

4. ಒಂದು ಬಂದರೆ ಒಂದು ಹೋಗಬೇಕು. ಹೊಸದು ಬರುವ ಮೊದಲೇ ಹಳೆಯದು ಯಾರಿಗೆ ಎಂದು ತೀರ್ಮಾನಿಸಿ. ಕಲಿಯುವ ಆಸೆಯಿರುವ ತಂಗಿಯ ಮಗನಿಗೋ ಪಾಠಶಾಲೆಯ ಮಕ್ಕಳಿಗೋ ಕೊಟ್ಟರೆ ಅದು ಮತ್ತೆ ಕೆಲಸಕ್ಕೆ ಬರುತ್ತದೆ.

5. ಕಂತಿನಲ್ಲಿ ಹವ್ಯಾಸ ಬೇಡ. ವೃತ್ತಿಗಾಗಿ ಸಾಲ ಮಾಡುವುದು ಬೇರೆ, ಅದು ದುಡಿದು ತೀರುತ್ತದೆ. ಹವ್ಯಾಸದ ಕಂತನ್ನು ಮಾತ್ರ ಮನೆಯ ಇನ್ನಾವುದೋ ಖರ್ಚು ತೆರುತ್ತದೆ.

ಕೊಳ್ಳುವುದೇ ತಪ್ಪೆಂದು ಇದರ ಅರ್ಥವಲ್ಲ. ಇರುವುದು ದುರಸ್ತಿಯಾಗದಷ್ಟು ಕೆಟ್ಟರೆ, ವೃತ್ತಿಗೆ ಅಗತ್ಯವಾದರೆ, ಅಥವಾ ಪುಸ್ತಕದಲ್ಲಿ ಅದೇ ಕೊರತೆ ಮತ್ತೆ ಮತ್ತೆ ಬಂದರೆ ಸಂಕೋಚವಿಲ್ಲದೆ ಕೊಳ್ಳಬಹುದು. ಪರಿಮಾಣವೆಂದರೆ ಅಳತೆ, ನಿಷೇಧವಲ್ಲ.

ಇರುವುದನ್ನು ಉಳಿಸಿಕೊಳ್ಳುವುದು

ಬಳಸದ ಲೆನ್ಸಿನೊಳಗೆ ಬೂಸ್ಟು ಬೆಳೆಯುತ್ತದೆ. ಕರಾವಳಿ ಮಲೆನಾಡಿನ ಮಳೆಗಾಲದಲ್ಲಿ ಇದು ಬಹಳ ಬೇಗ. ನನ್ನ ನಾಲ್ಕು ಲೆನ್ಸುಗಳಲ್ಲಿ ಎರಡು ಹಾಳಾದದ್ದು ಹೀಗೆಯೇ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ, ಚರ್ಮದ ಚೀಲದಲ್ಲಿ ತಿಂಗಳುಗಟ್ಟಲೆ ಬಿಡಬೇಡಿ, ವಾರಕ್ಕೊಮ್ಮೆಯಾದರೂ ಹೊರತೆಗೆದು ಬಳಸಿ. ಚಿತ್ರಗಳ ಮೂರು ಪ್ರತಿ ಇರಲಿ, ಅವುಗಳಲ್ಲಿ ಒಂದು ಬೇರೆ ಊರಿನ ಬಂಧುಗಳ ಮನೆಯಲ್ಲಿರಲಿ. ಮುಖ್ಯವಾದ ಚಿತ್ರಗಳನ್ನು ಕಾಗದದ ಮೇಲೆ ಮುದ್ರಿಸಿಡಿ. ಹೊಸ ಲೆನ್ಸಿನ ಹಣದಲ್ಲಿ ಒಂದಲ್ಲ, ಹಲವು ಆಲ್ಬಂಗಳಾಗುತ್ತವೆ.

ಅಜ್ಜ ಹೋದ ಮರುವರ್ಷ ಒಂದು ಬೆಳಿಗ್ಗೆ ಅಜ್ಜಿ ಜಗಲಿಯಲ್ಲಿ ಕುಳಿತು ಜಪ ಮಾಡುತ್ತಿದ್ದರು. ಒಳಗೆ ಹೋಗಿ 85 ಮಿ.ಮೀ. ಲೆನ್ಸ್ ತರೋಣವೆಂದು ಒಂದು ಕ್ಷಣ ಅನಿಸಿತು. ಹೋಗಲಿಲ್ಲ. ಕೈಯಲ್ಲಿದ್ದ ಮೊಬೈಲಿನಲ್ಲೇ ತೆಗೆದೆ. ಅದನ್ನು ಮುದ್ರಿಸಿ ಕೊಟ್ಟಾಗ ಅಜ್ಜಿ ಕನ್ನಡಕ ಹಾಕಿಕೊಂಡು ನೋಡಿ, "ನಿನ್ನ ಅಜ್ಜನದ್ದೂ ಹೀಗೊಂದು ತೆಗೆಯಬಹುದಿತ್ತು" ಎಂದರು.

ನಿಮ್ಮ ಮನೆಯ ಹಿರಿಯರ ಚಿತ್ರವನ್ನು ಈ ಭಾನುವಾರವೇ ತೆಗೆಯಿರಿ. ನಿಮ್ಮ ಬಳಿ ಈಗ ಏನಿದೆಯೋ ಅದರಲ್ಲೇ.