ಗುಜರಿಗೆ ಹಾಕುವ ಮುನ್ನ: ಹಳೆಯ ಕಂಪ್ಯೂಟರ್ ಭಾಗಗಳ ಕೈಕಸುಬು

ಬೆಂಗಳೂರಿನ ಬನಶಂಕರಿ ಎರಡನೇ ಹಂತದ ‘ಮೋನೋಟೈಪ್’ ಎಂಬ ಬಸ್ ನಿಲ್ದಾಣದ ಹೆಸರು ಮೂಲದಲ್ಲಿ ಅಚ್ಚಿನ ಮೊಳೆಗಳನ್ನು ಎರಕ ಹೊಯ್ಯುವ ಯಂತ್ರವೊಂದರ ಹೆಸರು. ಅಲ್ಲಿ ದಿನವೂ ಹತ್ತಿ ಇಳಿಯುವವರಲ್ಲಿ ಬಹುಪಾಲು ಮಂದಿಗೆ ಆ ಯಂತ್ರದ ಪರಿಚಯ ಇಂದು ಇರಲಾರದು. ಅಮೆರಿಕದ ಟಾಲ್ಬರ್ಟ್ ಲ್ಯಾನ್‌ಸ್ಟನ್ 1887ರಲ್ಲಿ ಪೇಟೆಂಟ್ ಪಡೆದ ಈ ಯಂತ್ರಕ್ಕೆ ಎರಡು ಅಂಗಗಳಿದ್ದವು: ಕೀಲಿಮಣೆಯ ಮುಂದೆ ಕುಳಿತವನು ಒಂದೊಂದೇ ಗುಂಡಿ ಒತ್ತಿದಂತೆ ಕಾಗದದ ಸುರುಳಿಯಲ್ಲಿ ತೂತುಗಳು ಬೀಳುತ್ತಿದ್ದವು, ಆ ತೂತುಗಳನ್ನು ಓದಿಕೊಂಡ ಇನ್ನೊಂದು ಯಂತ್ರ ಸೀಸ, ತವರ ಮತ್ತು ಆಂಟಿಮನಿ ಬೆರೆತ ಕರಗಿದ ಲೋಹವನ್ನು ಅಚ್ಚಿಗೆ ಸುರಿದು ಅಕ್ಷರವೊಂದಕ್ಕೆ ಒಂದರಂತೆ ಮೊಳೆ ಮಾಡಿಕೊಡುತ್ತಿತ್ತು. ಪುಟ ಅಚ್ಚಾದ ಮೇಲೆ ಅವೇ ಮೊಳೆಗಳು ಮತ್ತೆ ಕುಲುಮೆಯ ಪಾತ್ರೆಗೆ ಬಿದ್ದು ಕರಗುತ್ತಿದ್ದುದರಿಂದ ಇಂದಿನ ಪುಟದ ಲೋಹವೇ ನಾಳಿನ ಪುಟದ ಅಕ್ಷರವಾಗುತ್ತಿತ್ತು. ಈ ಯಂತ್ರವನ್ನು ಮೂಲೆಗೆ ತಳ್ಳಿದ ಕಂಪ್ಯೂಟರಿಗೂ ಕೀಲಿಮಣೆ ಇದೆ, ಅದರ ಹೊಟ್ಟೆಯಲ್ಲಿಯೂ ಸೀಸ ಮತ್ತು ತವರ ಇವೆ. ಮುದ್ರಣಾಲಯದಲ್ಲಿ ಕೈಗೆಟಕುವ ದೂರದಲ್ಲಿದ್ದ ಆ ಪಾತ್ರೆ ಮಾತ್ರ ಇಲ್ಲ.

ಕೆಟ್ಟ, ಹಳೆಯದಾದ ಅಥವಾ ಬೇಡವಾದ ವಿದ್ಯುತ್ ಮತ್ತು ಎಲೆಕ್ಟ್ರಾನಿಕ್ ವಸ್ತುಗಳನ್ನು ಇ-ತ್ಯಾಜ್ಯ ಎಂದು ಕರೆಯುತ್ತಾರೆ. ವಿಶ್ವಸಂಸ್ಥೆಯ ಅಂಗಸಂಸ್ಥೆಗಳು 2024ರಲ್ಲಿ ಹೊರತಂದ ಜಾಗತಿಕ ವರದಿಯ ಪ್ರಕಾರ 2022ರ ಒಂದೇ ವರ್ಷದಲ್ಲಿ ಜಗತ್ತು 6.2 ಕೋಟಿ ಟನ್ ಇ-ತ್ಯಾಜ್ಯವನ್ನು ಹೊರಹಾಕಿತು, ಅದರಲ್ಲಿ ಕ್ರಮಬದ್ಧವಾಗಿ ಸಂಗ್ರಹವಾಗಿ ಸಂಸ್ಕರಣೆಗೊಂಡದ್ದು ಶೇ. 22.3 ಮಾತ್ರ. ಇಂಥ ವಸ್ತುವಿನ ಮುಂದೆ ಮೂರು ದಾರಿಗಳಿವೆ. ವಸ್ತುವನ್ನು ಇದ್ದ ಹಾಗೆಯೇ ಇನ್ನೊಬ್ಬರು ಬಳಸುವುದು ಮರುಬಳಕೆ. ಅದನ್ನು ಒಡೆದು, ಕರಗಿಸಿ, ಲೋಹ ಮತ್ತು ಪ್ಲಾಸ್ಟಿಕ್ಕುಗಳನ್ನು ಬೇರ್ಪಡಿಸಿ ಕಚ್ಚಾವಸ್ತುವಾಗಿಸುವುದು ಮರುಸಂಸ್ಕರಣೆ. ಒಡೆಯದೆ, ಕರಗಿಸದೆ, ಆಕಾರವನ್ನು ಬಹುಮಟ್ಟಿಗೆ ಉಳಿಸಿಕೊಂಡೇ ಬೇರೊಂದು ಕೆಲಸಕ್ಕೆ ಹಚ್ಚುವುದು ಮೂರನೆಯದು, ಅದನ್ನು ಇಲ್ಲಿ ಮರುರೂಪಣೆ ಎನ್ನಬಹುದು. ಹೆಸರು ಹೊಸದಾದರೂ ಅಭ್ಯಾಸ ಹಳೆಯದೇ. ಉತ್ತರ ಕರ್ನಾಟಕದ ಮನೆಗಳಲ್ಲಿ ಹಳೆಯ ಸೀರೆ, ಧೋತರಗಳ ತುಂಡುಗಳು ಕೌದಿಯಾಗುತ್ತವೆ; ಬೆಂಗಳೂರಿನ ಬನಶಂಕರಿ ಅಮ್ಮನ ಗುಡಿಯಲ್ಲಿ ರಾಹುಕಾಲಕ್ಕೆ ಬರುವ ಭಕ್ತರು ರಸ ಹಿಂಡಿದ ನಿಂಬೆಯ ಹೋಳನ್ನು ಒಳಹೊರಗು ತಿರುವಿ, ತುಪ್ಪ ಹಾಕಿ, ಬತ್ತಿಯಿಟ್ಟು ದೀಪ ಹಚ್ಚುತ್ತಾರೆ. ಸಿಪ್ಪೆಯ ಬಟ್ಟಲಾಕಾರ ಅಲ್ಲಿ ಆಗಲೇ ಇದೆ, ಕೈ ಮಾಡಬೇಕಾದುದು ಅದನ್ನು ಮಗುಚುವುದಷ್ಟೇ. ಒಳ್ಳೆಯ ಮರುರೂಪಣೆಯೆಲ್ಲ ಬಹುಶಃ ಹೀಗೆಯೇ, ವಸ್ತುವಿನಲ್ಲಿ ಮೊದಲೇ ಅಡಗಿರುವ ಆಕಾರವನ್ನು ಗುರುತಿಸುವ ಕೆಲಸ.

ಆದರೆ ಕೈಕಸುಬಿಗೆ ಇಳಿಯುವ ಮುನ್ನ ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ: ಆ ಭಾಗ ನಿಜವಾಗಿ ಸತ್ತಿದೆಯೇ? ಸತ್ತಿಲ್ಲವಾದರೆ ಅದಕ್ಕೆ ಇನ್ನೂ ಬೇಡಿಕೆಯಿದೆ. ಬನಶಂಕರಿ ಮೆಟ್ರೊ ನಿಲ್ದಾಣದಲ್ಲಿ ಹಸಿರು ಮಾರ್ಗದ ರೈಲು ಹತ್ತಿದರೆ ಎಲ್ಲಿಯೂ ಬದಲಾಯಿಸದೆ ಚಿಕ್ಕಪೇಟೆಯಲ್ಲಿ ಇಳಿಯಬಹುದು, ಅಲ್ಲಿಂದ ಎಸ್.ಪಿ. ರಸ್ತೆ, ಅಂದರೆ ಸಾದರ ಪತ್ರಪ್ಪ ರಸ್ತೆ, ಹತ್ತಿರ. ಹಳೆಯ ಮೆಮೊರಿ ಪಟ್ಟಿಯನ್ನೋ ಪವರ್ ಕೇಬಲ್ಲನ್ನೋ ಹುಡುಕಿಕೊಂಡು ಆ ಬೀದಿಗೆ ಬರುವವರು ಇಂದಿಗೂ ಇದ್ದಾರೆ. 2009ರಲ್ಲಿ ಆಮ್‌ಸ್ಟರ್‌ಡಾಮಿನಲ್ಲಿ ಮಾರ್ಟಿನ್ ಪೋಸ್ಟ್ಮಾ ಎಂಬಾಕೆ ಆರಂಭಿಸಿದ ‘ರಿಪೇರಿ ಕೆಫೆ’ಯ ಪದ್ಧತಿ, ಅಂದರೆ ಕೆಟ್ಟ ವಸ್ತುವನ್ನು ತಂದವರು ಬಲ್ಲವರ ಪಕ್ಕದಲ್ಲಿ ಕುಳಿತು ತಾವೇ ಸರಿಪಡಿಸಿಕೊಳ್ಳುವ ಕೂಟ, 2015ರಲ್ಲಿ ಬೆಂಗಳೂರಿಗೂ ಬಂದಿತು. ಚೆನ್ನಾಗಿ ನಡೆಯುತ್ತಿರುವ ಮೆಮೊರಿ ಪಟ್ಟಿಗೆ ತೂತು ಕೊರೆದು ಕೀಚೈನ್ ಮಾಡುವುದು ಕಲೆಯ ಹೆಸರಿನಲ್ಲಿ ಇನ್ನಷ್ಟು ಕಸ ಹುಟ್ಟಿಸಿದಂತೆ. ಕೈಕಸುಬಿನ ಸರದಿ ರಿಪೇರಿಯವನು ಕೈಚೆಲ್ಲಿದ ಮೇಲೆ.

ಹಾಗೆ ಕೈಬಿಟ್ಟ ಭಾಗಗಳಲ್ಲಿ ಅತ್ಯಂತ ಸುಂದರವಾದುದು ಹಾರ್ಡ್ ಡಿಸ್ಕ್. ಮೇಜಿನ ಕಂಪ್ಯೂಟರಿನ ಹಾರ್ಡ್ ಡಿಸ್ಕಿನ ಮುಚ್ಚಳವನ್ನು ಆರು ಮೂಲೆಗಳ ನಕ್ಷತ್ರದಂಥ ತಲೆಯುಳ್ಳ ಸ್ಕ್ರೂಗಳು ಹಿಡಿದಿರುತ್ತವೆ. ಸಾಮಾನ್ಯ ಸ್ಕ್ರೂಡ್ರೈವರ್ ಇವುಗಳ ಮೇಲೆ ಜಾರುತ್ತದೆ, ಟಾರ್ಕ್ಸ್ ಎಂಬ ಬೇರೆಯದೇ ಮೊನೆ ಬೇಕು. ಕಣ್ಣಿಗೆ ಕಾಣುವ ಸ್ಕ್ರೂಗಳನ್ನೆಲ್ಲ ಬಿಚ್ಚಿದರೂ ಮುಚ್ಚಳ ಏಳದಿದ್ದರೆ ಒಂದು ಸ್ಕ್ರೂ ಲೇಬಲ್ಲಿನ ಕೆಳಗೆ ಅಡಗಿದೆ ಎಂದು ತಿಳಿಯಬೇಕು. ಬೆರಳಿನಿಂದ ಲೇಬಲ್ಲನ್ನು ಸವರಿದರೆ ತಗ್ಗು ಸಿಗುತ್ತದೆ. ಒಳಗೆ ಕನ್ನಡಿಯಂತೆ ಹೊಳೆಯುವ ತಟ್ಟೆಗಳು, ಸುಮಾರು 95 ಮಿಲಿಮೀಟರ್ ಅಗಲ, ನಡುವೆ 25 ಮಿಲಿಮೀಟರಿನ ತೂತು. ಮಾಹಿತಿ ಉಳಿದಿದ್ದುದು ಈ ತಟ್ಟೆಗಳ ಮೇಲಿನ ತೆಳುವಾದ ಕಾಂತೀಯ ಲೇಪನದಲ್ಲಿ. ಮೇಜಿನ ಕಂಪ್ಯೂಟರಿನವು ಹೆಚ್ಚಾಗಿ ಅಲ್ಯೂಮಿನಿಯಂ ಮಿಶ್ರಲೋಹದವು. ಲ್ಯಾಪ್‌ಟಾಪಿನ ಚಿಕ್ಕ ತಟ್ಟೆಗಳು, ಸುಮಾರು 65 ಮಿಲಿಮೀಟರಿನವು, ಬಹಳ ಸಲ ಗಾಜಿನವಾಗಿರುತ್ತವೆ. ನೋಟಕ್ಕೆ ಎರಡೂ ಒಂದೇ, ಗಾಜಿನದನ್ನು ಬಗ್ಗಿಸಲು ಹೋದವರ ಕೈಯಲ್ಲಿ ಮಾತ್ರ ಅದು ಸಿಡಿದು ಚೂರುಚೂರಾಗುತ್ತದೆ. ಲೋಹದ ತಟ್ಟೆಯಿಂದ ಗೋಡೆ ಗಡಿಯಾರ, ಪುಟ್ಟ ಕನ್ನಡಿ, ಲೋಟದ ಕೆಳಗಿಡುವ ಬಿಲ್ಲೆ ಆಗುತ್ತವೆ. ಗಡಿಯಾರದ ಯಂತ್ರದ ಕೊಳವೆ ಸುಮಾರು 8 ಮಿಲಿಮೀಟರ್ ದಪ್ಪವಷ್ಟೇ ಇರುವುದರಿಂದ ತಟ್ಟೆಯ ದೊಡ್ಡ ತೂತಿನಲ್ಲಿ ಅದು ನಿಲ್ಲುವುದಿಲ್ಲ. ಮರದ ತೆಳು ಬಿಲ್ಲೆಯೊಂದನ್ನು ಹಿಂದೆ ಕೊಟ್ಟು ನಟ್ಟು ಬಿಗಿಯಬೇಕಾಗುತ್ತದೆ.

ತಟ್ಟೆಗಳ ಪಕ್ಕದಲ್ಲೇ ಬಾಗಿದ ಎರಡು ಅಯಸ್ಕಾಂತಗಳಿರುತ್ತವೆ. ನಿಯೋಡಿಮಿಯಂ, ಕಬ್ಬಿಣ, ಬೋರಾನ್ ಸೇರಿದ ಇವು ಗಾತ್ರಕ್ಕೆ ಮೀರಿದ ಬಲದವು. ಬಾಗಿಲ ಬಳಿಯ ಮರದ ಪಟ್ಟಿಯ ಹಿಂದೆ ಒಂದನ್ನು ಕೂರಿಸಿದರೆ ಮನೆಯ ಬೀಗದ ಕೈಗಳೆಲ್ಲ ಕೊಕ್ಕೆಯಿಲ್ಲದೆ ಅಂಟಿಕೊಳ್ಳುತ್ತವೆ, ಹೊಲಿಗೆಯವರಿಗೆ ಚೆಲ್ಲಿದ ಗುಂಡುಸೂಜಿಗಳನ್ನು ಬಳಿಯಲು ಇದಕ್ಕಿಂತ ಒಳ್ಳೆಯ ಉಪಕರಣ ಬೇಕಿಲ್ಲ. ಎರಡು ಅಯಸ್ಕಾಂತಗಳ ನಡುವೆ ಬೆರಳಿನ ಚರ್ಮ ಸಿಕ್ಕಿದರೆ ರಕ್ತ ಬರುವುದುಂಟು. ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರು ಇವನ್ನು ಎದೆಯ ಹತ್ತಿರ ತರಲೇಬಾರದು.

ಕೀಲಿಮಣೆಯ ಗುಂಡಿಗಳು ಈ ಕಸುಬಿಗೆ ಕೈ ಹಚ್ಚುವವರಿಗೆ ಎಲ್ಲಕ್ಕಿಂತ ಸುರಕ್ಷಿತವಾದ ವಸ್ತು. ಒಂದು ಗುಂಡಿಯ ನಡುವಿನಿಂದ ಪಕ್ಕದ ಗುಂಡಿಯ ನಡುವಿಗೆ ಸುಮಾರು 19 ಮಿಲಿಮೀಟರ್ ಅಂತರ, ಅದು ಹೆಚ್ಚುಕಡಿಮೆ ಎಲ್ಲ ಕೀಲಿಮಣೆಗಳಲ್ಲಿ ಒಂದೇ ಆಗಿರುವುದರಿಂದ ಬೇರೆಬೇರೆ ಕಂಪನಿಗಳ ಗುಂಡಿಗಳೂ ಒಂದೇ ಸರದಲ್ಲಿ ಹೊಂದಿಕೊಳ್ಳುತ್ತವೆ. ಮೊಂಡು ಚಾಕುವಿನಿಂದ ಮೀಟಿ ತೆಗೆದು, ಸಾಬೂನು ನೀರಿನಲ್ಲಿ ಒಂದು ರಾತ್ರಿ ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದರೆ ವರ್ಷಗಳ ಕೊಳೆ ಬಿಡುತ್ತದೆ. ಉಂಗುರ, ಅಂಗಿಯ ಗುಂಡಿ, ಕಿವಿಯ ಓಲೆ, ಹೆಸರಿನ ಕೀಚೈನ್ ಎಲ್ಲಕ್ಕೂ ಇವು ಒದಗುತ್ತವೆ. ಕನ್ನಡ ಅಕ್ಷರಗಳುಳ್ಳ ಗುಂಡಿಗಳಿಂದ ಹೆಸರು ಪೋಣಿಸಲು ಹೊರಟರೆ ಮಾತ್ರ ಸ್ವಾರಸ್ಯಕರ ತೊಡಕೊಂದು ಎದುರಾಗುತ್ತದೆ. ಕೀಲಿಮಣೆಯಲ್ಲಿ ವ್ಯಂಜನ, ಸ್ವರಚಿಹ್ನೆ, ಒತ್ತಕ್ಷರಕ್ಕೆ ಬೇಕಾದ ಹಲಂತ ಎಲ್ಲವೂ ಬೇರೆಬೇರೆ ಒತ್ತುಗಳು. ಅವು ಕೂಡಿ ಅಕ್ಷರವಾಗುವುದು ಪರದೆಯ ಮೇಲೆ. ಆದುದರಿಂದ ‘ಕಮಲ’ ಎಂಬ ಹೆಸರು ಮೂರು ಗುಂಡಿಗಳಲ್ಲಿ ಸಲೀಸಾಗಿ ಮುಗಿಯುತ್ತದೆ, ‘ಕೃಷ್ಣ’ ಎಂಬುದು ಮಾತ್ರ ಎಷ್ಟು ಗುಂಡಿ ಪೋಣಿಸಿದರೂ ಬಿಡಿಬಿಡಿಯಾಗಿಯೇ ಉಳಿಯುತ್ತದೆ. ಅಚ್ಚಿನ ಮೊಳೆ ಜೋಡಿಸುತ್ತಿದ್ದವರಿಗೆ ಒತ್ತಕ್ಷರ ಎಷ್ಟು ಕಾಟ ಕೊಟ್ಟಿರಬೇಕು ಎಂಬುದರ ಅಂದಾಜು ಇಲ್ಲಿ ಕೈಗೇ ಸಿಗುತ್ತದೆ.

ಕಸುಬಿನ ಮುಖ್ಯ ಆಕರ್ಷಣೆ ಹಾಗೂ ಮುಖ್ಯ ಅಪಾಯ ಎರಡೂ ಇರುವುದು ಮುದ್ರಿತ ಮಂಡಲದಲ್ಲಿ, ಅಂದರೆ ಮದರ್‌ಬೋರ್ಡ್ ಮುಂತಾದ ಹಸಿರು ಹಲಗೆಗಳಲ್ಲಿ. ಆ ಹಸಿರು ಮೇಲಿನ ಬಣ್ಣವಷ್ಟೇ. ಹಲಗೆಯ ಮೈ ಗಾಜಿನ ನೂಲಿನ ಬಟ್ಟೆಯನ್ನು ಎಪಾಕ್ಸಿ ಎಂಬ ರಾಳದಲ್ಲಿ ಅದ್ದಿ ಗಟ್ಟಿಗೊಳಿಸಿದ್ದು, ಬೆಂಕಿ ಹತ್ತದಿರಲೆಂದು ಅದಕ್ಕೆ ಬ್ರೋಮಿನ್ ಸಂಯುಕ್ತಗಳನ್ನು ಸೇರಿಸಿರುತ್ತಾರೆ. ಬಿಡಿಭಾಗಗಳನ್ನು ಹಲಗೆಗೆ ಹಿಡಿಸಿದ ಬೆಸುಗೆ ಹಳೆಯ ಯಂತ್ರಗಳಲ್ಲಿ ಶೇ. 63 ತವರ, ಶೇ. 37 ಸೀಸದ ಮಿಶ್ರಣ. ಯುರೋಪ್ ಒಕ್ಕೂಟ 2006ರ ಜುಲೈ 1ರಿಂದ ಸೀಸದ ಬಳಕೆಗೆ ಮಿತಿ ಹಾಕಿತು, ಭಾರತದಲ್ಲಿ ಅಂಥದೇ ಮಿತಿ 2014ರ ಮೇ 1ರಿಂದ ಜಾರಿಯಾಯಿತು. ಆದುದರಿಂದ ಅಟ್ಟದ ಮೇಲಿನ ಹಲಗೆ ಎಷ್ಟು ಹಳೆಯದೋ ಸೀಸದ ಸಂಭವ ಅಷ್ಟು ಹೆಚ್ಚು. ಗರಗಸದಿಂದ ಒಣದಾಗಿ ಕೊಯ್ದರೆ ಗಾಜಿನ ಸೂಕ್ಷ್ಮ ಎಳೆಗಳು ಗಾಳಿಗೆ ಹಾರಿ ಶ್ವಾಸಕೋಶ ಸೇರುತ್ತವೆ, ಒಲೆಯ ಮೇಲೆ ಕಾಯಿಸಿ ಬಿಡಿಭಾಗ ಉದುರಿಸಲು ಹೋದರೆ ವಿಷದ ಹೊಗೆ ಏಳುತ್ತದೆ. ಬಲ್ಲವರು ಹಲಗೆಯನ್ನು ನೀರಿನಲ್ಲಿ ತೋಯಿಸಿಕೊಂಡು, ಮೂಗಿಗೆ ಒಳ್ಳೆಯ ಮುಖಗವಸು ಕಟ್ಟಿಕೊಂಡು, ಅಡುಗೆಮನೆಯಿಂದ ದೂರದಲ್ಲಿ ನಿಧಾನವಾಗಿ ಕೊಯ್ಯುತ್ತಾರೆ; ಅಂಚನ್ನು ಅರದಿಂದ ಉಜ್ಜಿ, ನೀರಿನ ಉಪ್ಪುಕಾಗದದಿಂದ ನಯಗೊಳಿಸಿ, ಎರಡೂ ಮುಖಗಳಿಗೆ ಪಾರದರ್ಶಕ ವಾರ್ನಿಷ್ ಬಳಿದು ಲೋಹವನ್ನು ಮುಚ್ಚುತ್ತಾರೆ. ಇಷ್ಟಾದ ಮೇಲೂ ಅದು ಮಕ್ಕಳ ಆಟಿಕೆಯಾಗಲು ಯೋಗ್ಯವಲ್ಲ.

ಮೈಗೆ ತಾಗುವ ಒಡವೆಗಳಲ್ಲಿ ಇನ್ನೊಂದು ಸೂಕ್ಷ್ಮವಿದೆ. ಮೆಮೊರಿ ಪಟ್ಟಿಯ ಅಂಚಿನಲ್ಲಿ ಸಾಲಾಗಿ ಹೊಳೆಯುವ ಹಳದಿ ಬೆರಳುಗಳು ನಿಜವಾದ ಚಿನ್ನದ ಲೇಪನವೇ, ಆದರೆ ಮೈಕ್ರಾನ್ ಲೆಕ್ಕದ ತೆಳುವು. ಇಡೀ ಪಟ್ಟಿಯ ಚಿನ್ನವನ್ನು ಕೂಡಿಸಿದರೂ ಅದು ಮಿಲಿಗ್ರಾಂಗಳ ಲೆಕ್ಕದಲ್ಲೇ ಉಳಿಯುತ್ತದೆ. ಆ ಚಿನ್ನದ ಅಡಿಯಲ್ಲಿ ನಿಕ್ಕಲ್ ಇರುತ್ತದೆ, ಲೇಪನ ಸವೆದಂತೆ ಅದು ಮೇಲೆ ಬರುತ್ತದೆ, ನಿಕ್ಕಲ್ ಒಗ್ಗದವರ ಚರ್ಮ ಕೆಂಪಾಗಿ ತುರಿಸುತ್ತದೆ. ಆದ್ದರಿಂದ ಓಲೆಯ ಹಲಗೆ ಏನೇ ಇರಲಿ, ಕಿವಿಯ ತೂತಿಗೆ ಹೋಗುವ ಕೊಕ್ಕೆ ಮಾತ್ರ ಬೆಳ್ಳಿಯದಾಗಿರಬೇಕು. ಇನ್ನು ಈ ಮಿಲಿಗ್ರಾಂಗಳ ಆಸೆಗೆ ಮನೆಯಲ್ಲಿ ಆಮ್ಲ ತಂದಿಟ್ಟುಕೊಂಡು ಚಿನ್ನ ತೆಗೆಯಲು ಹೊರಡುವುದು ಕಸುಬಲ್ಲ, ಕೇಡು. ಟೋಕಿಯೊ ಒಲಿಂಪಿಕ್ಸಿನ ಸುಮಾರು 5,000 ಪದಕಗಳಿಗಾಗಿ ಜಪಾನ್ 2017ರಿಂದ 2019ರವರೆಗೆ ಸುಮಾರು 79,000 ಟನ್ ಹಳೆಯ ಉಪಕರಣಗಳನ್ನು ಕೂಡಿಹಾಕಿದಾಗ ಸಿಕ್ಕ ಚಿನ್ನ ಸುಮಾರು 32 ಕಿಲೊ. ಕಂಪ್ಯೂಟರಿನ ಹೊಟ್ಟೆಯಲ್ಲಿ ಚಿನ್ನವಿದೆ ಎಂಬ ಮಾತನ್ನು ಈ ಲೆಕ್ಕದ ಪಕ್ಕದಲ್ಲಿಟ್ಟು ನೋಡಬೇಕು.

ಫ್ಲಾಪಿಗಳದು ಸುಲಭದ ಕೆಲಸ. 1.44 ಎಂಬಿ ಮಾಹಿತಿ ಹಿಡಿಯುತ್ತಿದ್ದ ಚೌಕನೆಯ ಫ್ಲಾಪಿಗಳಲ್ಲಿ ನಾಲ್ಕು ಗೋಡೆಗೆ, ಒಂದು ತಳಕ್ಕೆ, ಹೀಗೆ ಐದು ಸೇರಿದರೆ ಮೇಜಿನ ಮೇಲಿನ ಪೆನ್ ಡಬ್ಬಿ ಸಿದ್ಧ. ಮೂಲೆಗಳಲ್ಲಿ ತೂತು ಕೊರೆದು ತಂತಿಯಿಂದ ಕಟ್ಟಿದರೆ ಗೋಂದೂ ಬೇಡ. ಚಪ್ಪಟೆ ಕೇಬಲ್ಲುಗಳನ್ನು ಸೀಳಿ ಹೆಣೆದರೆ ಕೈಬಳೆಯಾಗುತ್ತದೆ.

ಮುಟ್ಟಬಾರದ ಭಾಗಗಳೂ ಇವೆ. ಡಬ್ಬದಂಥ ಹಳೆಯ ಮಾನಿಟರಿನ ಗಾಜಿನಲ್ಲಿ ಸೀಸವಿದೆ, ಪ್ಲಗ್ ಕಿತ್ತ ಬಹಳ ಹೊತ್ತಿನ ಮೇಲೂ ಅದರಲ್ಲಿ ಪ್ರಾಣಾಂತಕ ವಿದ್ಯುತ್ ಉಳಿದಿರಬಹುದು. ವಿದ್ಯುತ್ ಪೂರೈಸುವ ಪೆಟ್ಟಿಗೆಯ ಕೆಪಾಸಿಟರುಗಳಿಗೂ ಇದೇ ಮಾತು. ಲ್ಯಾಪ್‌ಟಾಪಿನ ಲಿಥಿಯಂ ಬ್ಯಾಟರಿಯನ್ನು ಚುಚ್ಚಿದರೆ ಹೊತ್ತಿಕೊಳ್ಳಬಹುದು. ಮದರ್‌ಬೋರ್ಡಿನ ಮೇಲೆ ನಾಣ್ಯದಂತೆ ಕೂತಿರುವ 20 ಮಿಲಿಮೀಟರಿನ ಬ್ಯಾಟರಿಯನ್ನು ಎಲ್ಲಕ್ಕಿಂತ ಮೊದಲು ತೆಗೆದು ಮಕ್ಕಳ ಕೈಗೆಟಕದಂತೆ ಇಡಬೇಕು, ನುಂಗಿದರೆ ಅದು ಕೆಲವೇ ಗಂಟೆಗಳಲ್ಲಿ ಅನ್ನನಾಳವನ್ನು ಸುಡುತ್ತದೆ.

ಬೆಂಗಳೂರಿನಲ್ಲಿ ಇ-ತ್ಯಾಜ್ಯವನ್ನೇ ಮಾಧ್ಯಮವಾಗಿಸಿಕೊಂಡ ಕಲಾವಿದರಲ್ಲಿ ವಿಶ್ವನಾಥ್ ಮಲ್ಲಬಾದಿ ಪ್ರಸಿದ್ಧರು. ಬಿಡಿಭಾಗಗಳಿಂದ ಅವರು ರಚಿಸುವ ಭಾವಚಿತ್ರಗಳು, ಪುಟ್ಟ ಶಿಲ್ಪಗಳು ನೋಡುಗರಿಗೆ ಕಸದ ವೈವಿಧ್ಯವನ್ನು ಕಾಣಿಸುತ್ತವೆ. ಆದರೆ ಕೈಕಸುಬು ನಗರದ ಇ-ತ್ಯಾಜ್ಯವನ್ನು ಕರಗಿಸುತ್ತದೆ ಎಂದು ನಂಬುವುದು ತಪ್ಪು. ಹತ್ತು ಕಿಲೊ ತೂಗುವ ಕಂಪ್ಯೂಟರ್ ಪೆಟ್ಟಿಗೆಯೊಂದರಿಂದ ಒಂದು ಗಡಿಯಾರ, ಎರಡು ಜೊತೆ ಓಲೆ, ನಾಲ್ಕಾರು ಕೀಚೈನ್ ಆದರೆ ಬಳಕೆಯಾದದ್ದು ಕೆಲವು ನೂರು ಗ್ರಾಂ. ಉಳಿದ ಒಂಬತ್ತೂವರೆ ಕಿಲೊ, ಅದರ ಜೊತೆಗೆ ಕೊಯ್ದ ಚೂರು ಮತ್ತು ಪುಡಿ, ಅಧಿಕೃತ ಸಂಸ್ಕರಣೆಗೇ ಹೋಗಬೇಕು. ಇ-ತ್ಯಾಜ್ಯಕ್ಕೆಂದೇ ದೇಶದಲ್ಲಿ ನಿಯಮಗಳು ಜಾರಿಗೆ ಬಂದದ್ದು 2012ರಲ್ಲಿ. ಅದಕ್ಕೂ ಮೊದಲೇ, 2005ರಲ್ಲಿ, ಪಿ. ಪಾರ್ಥಸಾರಥಿಯವರ ಇ-ಪರಿಸರ ಸಂಸ್ಥೆ ದಾಬಸ್‌ಪೇಟೆಯಲ್ಲಿ ಸಂಸ್ಕರಣಾ ಘಟಕ ತೆರೆದಿತ್ತು. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಈಗಿನ ನಿಯಮಗಳು ಉಪಕರಣ ತಯಾರಿಸಿದವರ ಮೇಲೆಯೇ ಅದರ ಕೊನೆಯ ವಿಲೇವಾರಿಯ ಹೊಣೆಯನ್ನು ಹೊರಿಸುತ್ತವೆ.

ಕೈಯಿಂದ ಮಾಡಿದ ವಸ್ತುವೂ ಒಂದು ದಿನ ಸಂಸ್ಕರಣೆಗೇ ಹೋಗಬೇಕಾದುದರಿಂದ ಕೈಕೆಲಸದವರಿಗೆ ಸಿಗುವ ಸೂಚನೆಯೊಂದು ಕಸುಬಿನ ಪುಸ್ತಕಗಳಲ್ಲಿ ಅಪರೂಪ: ಗೋಂದಿಗಿಂತ ಸ್ಕ್ರೂ ಮೇಲು. ಅಲ್ಯೂಮಿನಿಯಂ ತಟ್ಟೆಯನ್ನು ಮರಕ್ಕೆ ಎಪಾಕ್ಸಿ ಹಾಕಿ ಅಂಟಿಸಿದರೆ ಆ ಮರ ಸೌದೆಗೂ ಬಾರದು, ಆ ಲೋಹ ಕುಲುಮೆಗೂ ಸುಲಭವಾಗಿ ಸಲ್ಲದು. ಎರಡು ಸ್ವಚ್ಛ ವಸ್ತುಗಳು ಕೂಡಿ ಒಂದು ಬೇರ್ಪಡದ ಕಸವಾಗುತ್ತದೆ. ಅದೇ ತಟ್ಟೆಯನ್ನು ಅದೇ ಹಾರ್ಡ್ ಡಿಸ್ಕಿನಿಂದ ಬಿಚ್ಚಿದ ಸ್ಕ್ರೂಗಳಿಂದಲೇ ಮರದ ಬಿಲ್ಲೆಗೆ ಬಿಗಿದು, ಆ ಟಾರ್ಕ್ಸ್ ಮೊನೆಯನ್ನು ಗಡಿಯಾರದ ಬೆನ್ನಿಗೆ ಟೇಪಿನಿಂದ ಹಚ್ಚಿಟ್ಟರೆ, ಹತ್ತು ವರ್ಷಗಳ ಮೇಲೆ ಮುಳ್ಳು ನಿಂತ ದಿನ ಮನೆಯಲ್ಲಿದ್ದ ಯಾರಾದರೂ ಅದನ್ನು ಬಿಚ್ಚಿ, ತಟ್ಟೆಯನ್ನು ಗುಜರಿಯವನ ತಕ್ಕಡಿಯಲ್ಲಿ ಇತರ ಅಲ್ಯೂಮಿನಿಯಂ ಪಾತ್ರೆಗಳ ಜೊತೆಗೆ ಹಾಕಬಹುದು.