ನೀರಿನ ಪಟ್ಟಿಯಲ್ಲಿ ಇಲ್ಲದ ಹೆಸರು

ದಲಿತ ಆತ್ಮಕಥೆಗಳಲ್ಲಿ ಶಾಲೆ ಬಂದಾಗಲೆಲ್ಲ ನಮ್ಮ ವಿಮರ್ಶೆ ನೇರವಾಗಿ ಅವಮಾನದ ಕಡೆಗೆ ಹೋಗುತ್ತದೆ. ಅದು ಸಹಜವೇ. ಬಾಲಕ ಅಂಬೇಡ್ಕರ್ ತರಗತಿಯಲ್ಲಿ ಗೋಣಿತಟ್ಟಿನ ಮೇಲೆ ಬೇರೆಯಾಗಿ ಕೂರಬೇಕಿತ್ತು. ಜವಾನ ಬಂದು ನಲ್ಲಿ ತಿರುಗಿಸದಿದ್ದರೆ ಅವರಿಗೆ ಕುಡಿಯಲು ನೀರಿಲ್ಲ. ಓಂಪ್ರಕಾಶ್ ವಾಲ್ಮೀಕಿಯವರ ‘ಜೂಠನ್’ (1997) ಕೃತಿಯಲ್ಲಿ ಹೆಡ್ಮಾಸ್ಟರು ಹುಡುಗನ ಕೈಯಲ್ಲಿ ಶಾಲೆ ಗುಡಿಸುತ್ತಾನೆ. ಇವನ್ನು ಓದುವುದನ್ನು ನಾವು ಕಲಿತಿದ್ದೇವೆ. ಆದರೆ ಶಾಲೆ ನಮಗೆ ಮರ್ಯಾದೆ ಕೊಟ್ಟ ಗಳಿಗೆಗಳನ್ನು ಹೇಗೆ ಓದಬೇಕು? ನನ್ನನ್ನು ಹೈಸ್ಕೂಲಿನಲ್ಲಿ ಲೀಡರ್ ಮಾಡಿದ್ದರು. ಅದನ್ನು ಬಹಳ ವರ್ಷ ಹೆಮ್ಮೆಯಿಂದ ಹೇಳಿಕೊಂಡು ತಿರುಗಿದೆ. ಈಗ ಅದರ ಲೆಕ್ಕ ಒಪ್ಪಿಸಬೇಕು ಅನ್ನಿಸಿದೆ.

1984ನೇ ಇಸವಿ. ಒಂದು ಸಣ್ಣ ಪಟ್ಟಣದ ಹೈಸ್ಕೂಲು. ನಾನು ಹತ್ತನೇ ತರಗತಿ, ಎಸ್ಸಿ ಹಾಸ್ಟೆಲ್ ಹುಡುಗ. ನಮ್ಮಲ್ಲಿ ಲೀಡರ್ ಚುನಾವಣೆ ನಡೆಯುತ್ತಿದ್ದ ರೀತಿ ಹೀಗೆ: ಮೇಷ್ಟ್ರುಗಳು ಕೂತು ಎರಡೋ ಮೂರೋ ಹೆಸರು ತೀರ್ಮಾನಿಸುತ್ತಿದ್ದರು, ಹುಡುಗರು ಚೀಟಿ ಬರೆದು ಸೀಮೆಸುಣ್ಣದ ಡಬ್ಬಿಗೆ ಹಾಕುತ್ತಿದ್ದರು. ಹುಡುಗಿಯ ಹೆಸರು ಎಂದೂ ಬರುತ್ತಿರಲಿಲ್ಲ. ಅವರ ಪಾಲಿಗೆ ತರಗತಿ ಗುಡಿಸುವುದಿತ್ತು, ಅದರಲ್ಲೂ ಅಂಗಳದ ಕಸ ಕೇರಿಯ ಹುಡುಗಿಯರ ಪಾಲಿಗೆ. ಆ ವರ್ಷ ಪೇಟೆಯ ಎರಡು ದೊಡ್ಡ ಮನೆಗಳ ಹುಡುಗರು ಪಟ್ಟು ಹಿಡಿದರು. ಇವನು ಗೆದ್ದರೆ ಅವರ ಮನೆಯವರು ಬಿಡರು, ಅವನು ಗೆದ್ದರೆ ಇವರು ಬಿಡರು. ಹೆಡ್ಮಾಸ್ಟರು ದಾರಿ ಹುಡುಕಿದರು. ‘ಈ ಸಲ ಹಾಸ್ಟೆಲ್ ಹುಡುಗನ್ನ ಮಾಡೋಣ ಕಣ್ರಯ್ಯ, ಚೆನ್ನಾಗಿ ಓದ್ತಾನೆ, ಯಾರ ತಂಟೆಗೂ ಹೋಗಲ್ಲ.’ ಎರಡೂ ಕಡೆಯವರು ನನಗೆ ಚೀಟಿ ಹಾಕಿದರು. ನಾನು ಭಾರಿ ಅಂತರದಲ್ಲಿ ಗೆದ್ದೆ.

ನನ್ನ ಕೊರಳಿಗೆ ಸೀಟಿ ಬಂತು. ಪ್ರಾರ್ಥನೆಗೆ ಸಾಲು ನಿಲ್ಲಿಸುವುದು, ಆಗಸ್ಟ್ ಹದಿನೈದಕ್ಕೆ ಮುಂದೆ ನಿಂತು ಸೆಲ್ಯೂಟ್ ಹೊಡೆಸುವುದು, ಗಣೇಶನ ಹಬ್ಬಕ್ಕೆ ಚಂದಾ ಎತ್ತಿಸುವುದು. ಚಂದಾ ಲೆಕ್ಕ ನನ್ನದು. ಗಣಪತಿಯನ್ನು ಹೊತ್ತು ತಂದವರು ಬೇರೆ. ಇನ್ನೊಂದು ಕೆಲಸವಿತ್ತು. ಸ್ಟಾಫ್ ರೂಮಿನ ಮಡಕೆಗೆ ದಿನಕ್ಕೆ ಇಬ್ಬರು ಹುಡುಗರು ಬೋರ್‌ವೆಲ್ಲಿನಿಂದ ನೀರು ತರಬೇಕು. ಯಾವ ದಿನ ಯಾರು ಎಂದು ಪಟ್ಟಿ ಬರೆಯುವವನು ಲೀಡರು. ಮೇಷ್ಟ್ರೊಬ್ಬರು ಹಿಂದಿನ ವರ್ಷದ ಪಟ್ಟಿ ಕೊಟ್ಟು ‘ಹಿಂಗೇ ಬರಿಯಪ್ಪ’ ಎಂದರು. ಅದರಲ್ಲಿ ನಮ್ಮ ಕೇರಿಯ, ನಮ್ಮ ಹಾಸ್ಟೆಲಿನ ಒಂದು ಹೆಸರೂ ಇರಲಿಲ್ಲ. ನಾನು ಹಾಗೇ ಬರೆದೆ. ದುಂಡಗಿನ ಅಕ್ಷರದಲ್ಲಿ ಬರೆದೆ. ಯಾರೂ ನನ್ನನ್ನು ಗದರಿಸಿರಲಿಲ್ಲ.

ಎಂಟನೇ ತರಗತಿಯ ನಮ್ಮ ಕೇರಿ ಹುಡುಗನೊಬ್ಬ ಬಂದು ಕೇಳಿದ: ‘ಅಣ್ಣ, ನನ್ನೆಸ್ರು ಯಾಕಿಲ್ಲ?’ ನಾನಂದೆ: ‘ಸುಮ್ಕಿರ್ಲಾ, ಕೆಲಸ ತಪ್ತಲ್ಲ, ಖುಷಿ ಪಡು.’ ಅವನು ಖುಷಿ ಪಡಲಿಲ್ಲ. ಮಾರನೇ ದಿನ ಬಿಂದಿಗೆ ತುಂಬಿ ತಂದು ತಾನೇ ಮಡಕೆಗೆ ಸುರಿದ. ಯಾರೂ ಬೈಯಲಿಲ್ಲ, ಹೊಡೆಯಲಿಲ್ಲ. ಅಟೆಂಡರು ಮಡಕೆಯನ್ನು ಹೊರಗೆ ತಂದು ಹೊಂಗೆ ಮರದ ಬುಡಕ್ಕೆ ನೀರು ಚೆಲ್ಲಿ, ‘ಪಾಚಿ ಕಟ್ಟಿತ್ತು’ ಅಂತ ತಿಕ್ಕಿ ತೊಳೆದ. ನಾನು ಸೀಟಿ ಊದಿ ಪ್ರಾರ್ಥನೆಗೆ ಸಾಲು ನಿಲ್ಲಿಸಿದೆ.

ಇದನ್ನು ಸ್ವಂತ ಪಶ್ಚಾತ್ತಾಪವಾಗಿ ಬರೆಯುತ್ತಿಲ್ಲ. ಆ ಸೀಮೆಸುಣ್ಣದ ಡಬ್ಬಿಗೂ ನಮ್ಮ ರಾಜಕಾರಣಕ್ಕೂ ಸಂಬಂಧವಿದೆ. 1932ರ ಕೋಮುವಾರು ತೀರ್ಪು ಅಸ್ಪೃಶ್ಯರಿಗೆ 71 ಸ್ಥಾನಗಳನ್ನೂ ಪ್ರತ್ಯೇಕ ಮತದಾನವನ್ನೂ ಕೊಟ್ಟಿತ್ತು. ಗಾಂಧೀಜಿಯ ಉಪವಾಸದ ನಂತರ ಸೆಪ್ಟೆಂಬರ್ 24ರಂದು ಆದ ಪೂನಾ ಒಪ್ಪಂದದಲ್ಲಿ ಸ್ಥಾನ 148ಕ್ಕೆ ಏರಿತು. ಆದರೆ ಕೊನೆಯ ಆಯ್ಕೆ ಎಲ್ಲರ ಮತಕ್ಕೆ, ಎಂದರೆ ಸವರ್ಣ ಬಹುಮತಕ್ಕೆ ಹೋಯಿತು. ಸ್ಥಾನ ನಮ್ಮದು, ಗೆಲ್ಲಿಸುವ ಕೈ ಬೇರೆಯವರದು. ಹೀಗೆ ಗೆದ್ದವನು ಯಾರಿಗೆ ಉತ್ತರ ಕೊಡಬೇಕು? ಒಪ್ಪಂದಕ್ಕೆ ಐವತ್ತು ವರ್ಷ ತುಂಬಿದ 1982ರಲ್ಲಿ ಕಾನ್ಶಿರಾಂ ‘ದಿ ಚಮಚಾ ಏಜ್’ ಬರೆದದ್ದು ಇದೇ ಪ್ರಶ್ನೆಯನ್ನು ಹಿಡಿದು. ಎರಡು ದೊಡ್ಡ ಮನೆಗಳ ಜಗಳದಲ್ಲಿ ಗೆದ್ದ ನಾನು ಹದಿನೈದನೇ ವಯಸ್ಸಿಗೇ ಆ ಪುಸ್ತಕದ ಒಂದು ಪಾತ್ರವಾಗಿದ್ದೆ.

ಹಾಸ್ಟೆಲಿನಲ್ಲಿ ಇನ್ನೊಂದು ಬಗೆಯ ನಾಯಕತ್ವವಿತ್ತು, ಅದಕ್ಕೆ ಚೀಟಿ ಇರಲಿಲ್ಲ. ಹುಳು ಬಿದ್ದ ಅಕ್ಕಿಯ ಅನ್ನ ಬಡಿಸಿದ ದಿನ ಹುಡುಗರು ತಟ್ಟೆ ಹಿಡಿದು ತಾಲ್ಲೂಕು ಕಚೇರಿಯ ಮುಂದೆ ಕೂತರು. ಆಗ ವಾರ್ಡನ್ನು ಹುಡುಕಿ ಬಂದದ್ದು ನನ್ನನ್ನು: ‘ನೀನು ಲೀಡರಪ್ಪ, ನೀನಾದ್ರೂ ಬುದ್ಧಿ ಹೇಳು ಇವರಿಗೆ.’ ಲೀಡರ್ ಅನ್ನುವ ಮಾತಿನ ಅರ್ಥ ನನಗೆ ಅವತ್ತು ಪೂರ್ತಿ ಆಯಿತು. ಕರ್ನಾಟಕದ ದಲಿತ ಚಳವಳಿಯನ್ನು ಕಟ್ಟಿದ್ದು ಈ ಎರಡನೇ ಬಗೆ. 1973ರಲ್ಲಿ ಬಸವಲಿಂಗಪ್ಪನವರ ಬೂಸಾ ಮಾತಿನ ಮೇಲೆ ಗಲಾಟೆ ಎದ್ದಾಗ ಏಟು ತಿಂದವರು, ತಿರುಗಿ ನಿಂತವರು ದಲಿತ ವಿದ್ಯಾರ್ಥಿಗಳು. ದಲಿತ ಸಂಘರ್ಷ ಸಮಿತಿಗೆ ಕಸುವು ಬಂದದ್ದು ಅಲ್ಲಿಂದ.

ಆದ್ದರಿಂದ ನಮ್ಮ ವಿಮರ್ಶೆ ಅವಮಾನದಷ್ಟೇ ಎಚ್ಚರದಿಂದ ಮರ್ಯಾದೆಯನ್ನೂ ಓದಬೇಕು. ಕಥೆಯಲ್ಲಿ, ಆತ್ಮಕಥೆಯಲ್ಲಿ ‘ಮೊದಲ ದಲಿತ ನಾಯಕ’ ಬಂದಾಗ ಕೇಳೋಣ: ಇವನ ಹೆಸರು ಸೂಚಿಸಿದವರು ಯಾರು? ಇವನು ಬರೆದ ಪಟ್ಟಿ ಯಾರದು? ಇವನು ತಂದ ನೀರನ್ನು ಯಾರು ಕುಡಿದರು? ಜೊತೆಗೆ, ಹೆಸರು ಯಾಕಿಲ್ಲ ಎಂದು ಕೇಳಿದವನು ಆ ಬರಹದಲ್ಲಿ ಎಲ್ಲಿದ್ದಾನೆ? ಎಷ್ಟೋ ಸಲ ಅವನು ಒಂದು ಸಾಲಿನಲ್ಲಿ ಬಂದು ಹೋಗಿಬಿಟ್ಟಿರುತ್ತಾನೆ.

1949ರ ನವೆಂಬರ್ 25ರಂದು ಅಂಬೇಡ್ಕರ್ ಸಂವಿಧಾನ ಸಭೆಯಲ್ಲಿ ಎಚ್ಚರಿಸಿದ್ದರು: ರಾಜಕೀಯದಲ್ಲಿ ಸಮಾನತೆ ಬರುತ್ತದೆ, ಸಾಮಾಜಿಕ ಬದುಕಿನಲ್ಲಿ ಅಸಮಾನತೆ ಉಳಿಯುತ್ತದೆ, ಈ ವೈರುಧ್ಯವನ್ನು ಬೇಗ ತೊಡೆಯದಿದ್ದರೆ ಕಟ್ಟಿದ್ದೆಲ್ಲ ಕುಸಿಯುತ್ತದೆ ಎಂದು. 2002ರಲ್ಲಿ ಶುರುವಾದ ಅಕ್ಷರ ದಾಸೋಹದಿಂದ ಶಾಲೆಗಳಲ್ಲಿ ಮಕ್ಕಳು ಒಟ್ಟಿಗೆ ಉಣ್ಣುವಂತಾಯಿತು. ದಲಿತ ಹೆಂಗಸು ಬೇಯಿಸಿದ ಅನ್ನ ಬೇಡವೆಂದ ಸುದ್ದಿಗಳೂ ಅದರ ಹಿಂದೆಯೇ ಬಂದವು. 2023ರಿಂದ ಶಾಲೆಗಳಲ್ಲಿ ಸಂವಿಧಾನದ ಪೀಠಿಕೆ ಓದಿಸುವುದೂ ಬಂದಿದೆ. ಒಳ್ಳೆಯದೇ. ಆದರೆ ಓದುಗರಲ್ಲಿ ಮೇಷ್ಟ್ರಾಗಿರುವವರು ಇದ್ದೀರಿ. ಪೀಠಿಕೆ ಓದಿಸಿ ಬಂದ ಮೇಲೆ ನಿಮ್ಮ ಶಾಲೆಯ ಪಟ್ಟಿಗಳನ್ನೂ ಒಮ್ಮೆ ತೆಗೆದು ನೋಡಿ. ನೀರಿನದು, ಗುಡಿಸುವುದರದು, ಬಡಿಸುವುದರದು. ಯಾರ ಹೆಸರು ಇಲ್ಲ ಅನ್ನೋದನ್ನ ನೋಡಿ. ಒಂದು ಮಗು ಬಂದು ಕೇಳಿದರೆ, ನಾನು ಕೊಟ್ಟ ಉತ್ತರ ಕೊಡಬೇಡಿ.