ಕೊಬ್ಬರಿ ಧಾರಣೆ ಮತ್ತು ಮಾರುಕಟ್ಟೆ ಶುಲ್ಕದ ಆದಾಯ: ಅಂದಾಜು ಮಾಡುವ ಕ್ರಮ

ತುಮಕೂರು ಜಿಲ್ಲೆಯ ತಿಪಟೂರು, ತುರುವೇಕೆರೆ ಮತ್ತು ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳಲ್ಲಿ ತೆಂಗು ಪ್ರಮುಖ ಬೆಳೆಯಾಗಿರುತ್ತದೆ. ಬೆಳೆಗಾರರ ಆದಾಯ ಏರಿಳಿದಾಗ ಸಾರ್ವಜನಿಕ ವರಮಾನವು ಹೇಗೆ ಬದಲಾಗುತ್ತದೆ ಎಂಬುದನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ವಿವರಿಸಲಾಗಿದೆ.

1. ಆದಾಯಕ್ಕೆ ಸ್ಪಂದಿಸುವ ವರಮಾನ

ಕೃಷಿ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆಯಿಂದ ವಿನಾಯಿತಿ ಇದೆ. ಭೂ ಕಂದಾಯವು ಜಮೀನನ್ನು ಆಧರಿಸಿದ್ದು, ಧಾರಣೆ ಏರಿದರೂ ಹೆಚ್ಚುವುದಿಲ್ಲ. ಆದರೆ ಕೃಷಿ ಉತ್ಪನ್ನ ಮಾರುಕಟ್ಟೆ ಸಮಿತಿಯು ಖರೀದಿದಾರರಿಂದ ವಸೂಲು ಮಾಡುವ ಮಾರುಕಟ್ಟೆ ಶುಲ್ಕವು ಸರಕಿನ ಮೌಲ್ಯದ ಶೇಕಡಾವಾರು ಆಗಿರುವುದರಿಂದ ಧಾರಣೆಯೊಡನೆ ಏರಿಳಿಯುತ್ತದೆ. ಆದಾಯದ ಬದಲಾವಣೆಗೆ ವರಮಾನವು ಸ್ಪಂದಿಸುವ ಈ ಗುಣವನ್ನು ಅರ್ಥಶಾಸ್ತ್ರದಲ್ಲಿ ಸ್ಥಿತಿಸ್ಥಾಪಕತ್ವ ಎನ್ನುತ್ತಾರೆ.

2. ಧಾರಣೆಯೊಂದೇ ಸಾಲದು

2023ರಲ್ಲಿ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಾಲಿಗೆ 11,750 ರೂ. ಇದ್ದು, ಮಾರುಕಟ್ಟೆ ಧಾರಣೆ ಅದಕ್ಕಿಂತ ಬಹಳ ಕೆಳಗಿತ್ತು. 2025ರಲ್ಲಿ ಬೆಂಬಲ ಬೆಲೆ 12,100 ರೂ. ಇದ್ದಾಗ ಧಾರಣೆ 20,000 ರೂ. ದಾಟಿತು. ಇದರಿಂದ ಶುಲ್ಕವೂ ಅದೇ ಪ್ರಮಾಣದಲ್ಲಿ ಹೆಚ್ಚುವುದೆಂದು ಭಾವಿಸುವುದು ಸರಿಯಲ್ಲ. ಇಳುವರಿ ಕುಸಿದು ಆವಕ ಕಡಿಮೆಯಾದಾಗಲೇ ಸಾಮಾನ್ಯವಾಗಿ ಧಾರಣೆ ಏರುತ್ತದೆ.

ಉದಾಹರಣೆ: 10,000 ರೂ. ಧಾರಣೆಯಲ್ಲಿ 100 ಕ್ವಿಂಟಾಲ್ ಮಾರಾಟವಾದರೆ ಮೌಲ್ಯ 10 ಲಕ್ಷ ರೂ. ಧಾರಣೆ 20,000 ರೂ. ಆಗಿ ಆವಕ 60 ಕ್ವಿಂಟಾಲಿಗೆ ಇಳಿದರೆ ಮೌಲ್ಯ 12 ಲಕ್ಷ ರೂ. ಧಾರಣೆ ದ್ವಿಗುಣವಾದರೂ ಶುಲ್ಕದ ಹೆಚ್ಚಳ ಶೇ. 20 ಮಾತ್ರ.

3. ಮುಂದಿನ ವರ್ಷದ ಅಂದಾಜು

ಹೊಂಬಾಳೆ ಒಡೆದು ಕಾಯಿ ಬಲಿಯಲು ಸುಮಾರು ಒಂದು ವರ್ಷ ಬೇಕು. ಬಲಿತ ಕಾಯಿ ಅಟ್ಟದ ಮೇಲೆ ಒಣಗಿ ಉಂಡೆ ಕೊಬ್ಬರಿಯಾಗಲು ಮತ್ತೆ ಹಲವು ತಿಂಗಳುಗಳು ಹಿಡಿಯುತ್ತವೆ. ಆದ್ದರಿಂದ ಈ ವರ್ಷದ ಮಳೆಯ ಕೊರತೆಯ ಪರಿಣಾಮವು ಆವಕದಲ್ಲಿ ತಡವಾಗಿ ಕಾಣುತ್ತದೆ. ಅಂದಾಜು ತಯಾರಿಸುವಾಗ ಹಿಂದಿನ ವರ್ಷಗಳ ಮಳೆ, ಆವಕ ಮತ್ತು ಧಾರಣೆಯನ್ನು ಪ್ರತ್ಯೇಕವಾಗಿ ಪರಿಶೀಲಿಸಿ, ಹಲವು ವರ್ಷಗಳ ಸರಾಸರಿಯನ್ನು ಆಧಾರವಾಗಿಡುವುದು ಸೂಕ್ತ. ಒಂದು ಒಳ್ಳೆಯ ವರ್ಷವನ್ನೇ ನಂಬಿ ಹರಾಜುಕಟ್ಟೆ, ಗೋದಾಮು, ರಸ್ತೆ ಕಾಮಗಾರಿಗಳನ್ನು ಕೈಗೊಂಡರೆ, ಧಾರಣೆ ಕುಸಿದಾಗ ಅವು ಅರ್ಧಕ್ಕೆ ನಿಲ್ಲುತ್ತವೆ. ರೈತರಿಗೆ ಆ ಸೌಲಭ್ಯಗಳು ಹೆಚ್ಚು ಅಗತ್ಯವಾಗುವುದು ಅಂತಹ ವರ್ಷದಲ್ಲಿಯೇ.

4. ಸಾರ್ವಜನಿಕರ ಗಮನಕ್ಕೆ

ಬಿಲ್ಲಿಲ್ಲದ ವ್ಯಾಪಾರವು ಲೆಕ್ಕಕ್ಕೆ ಬಾರದಿರುವುದರಿಂದ ಶುಲ್ಕವೂ ಅಂದಾಜೂ ತಪ್ಪುತ್ತವೆ. ರೈತರು ತೂಕ ಮತ್ತು ಧಾರಣೆ ನಮೂದಿಸಿದ ಲೆಕ್ಕತಿರುವಳಿ ಪಟ್ಟಿಯನ್ನು ಕೇಳಿ ಪಡೆಯತಕ್ಕದ್ದು. ಬೆಂಬಲ ಬೆಲೆ ಖರೀದಿಗೆ ನೋಂದಾಯಿಸಲು ಫ್ರೂಟ್ಸ್ ಗುರುತಿನ ಸಂಖ್ಯೆ ಅಗತ್ಯವಾಗಿದ್ದು, ಜಮೀನು ಮತ್ತು ಬೆಳೆಯ ವಿವರ ಅದರಲ್ಲಿ ಸರಿಯಾಗಿದೆಯೇ ಎಂಬುದನ್ನು ಮುಂಚಿತವಾಗಿ ಖಚಿತಪಡಿಸಿಕೊಳ್ಳುವುದು.